ಉದಾಸೀನ ಆಯ್ತು ಟೀಚರ್

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಶನಿವಾರ ಸಂಜೆ, ಕನ್ನಡ ಪಾಠ ಮಾಡುವವರು ಮತ್ತು ಹತ್ತನೇ ತರಗತಿಯ ಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ. ಎಡವಿದ ಕಡೆ ಸ್ವಲ್ಪ ತಿದ್ದಿಕೊಂಡಿದ್ದೇನೆ.)

ಮೊದಲು ಒಂದು ವಾಕ್ಯ ಓದಿಬಿಡುತ್ತೇನೆ. "ಉದಾಸೀನ ಎಂಬುದು ಕನ್ನಡದ ಒಂದು ಪದವಾಗಿದೆ."

ನಗಬೇಡಿ. ಇದು ನಾನು ತಿದ್ದಿದ ಉತ್ತರಪತ್ರಿಕೆಯಲ್ಲಿ ಇದ್ದ ವಾಕ್ಯ. ಪ್ರಶ್ನೆ ನಿಮಗೆಲ್ಲ ಗೊತ್ತಿರುವುದೇ. "ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ." ಪದಕ್ಕೆ ಒಂದು ಅಂಕ. ನಾನು ಸೊನ್ನೆ ಹಾಕಿದೆ. ಹುಡುಗ ಪತ್ರಿಕೆ ಹಿಡಿದುಕೊಂಡು ಮೇಜಿನ ಹತ್ತಿರ ಬಂದ. "ಮಿಸ್, ಪದ ಇದೆ. ವಾಕ್ಯ ಇದೆ. ಯಾರದ್ದೂ ನೋಡಿ ಬರೆದಿಲ್ಲ, ಸ್ವಂತದ್ದೇ. ತಪ್ಪೆಲ್ಲಿದೆ?" ಅಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹೋಗಿ ಕೂತ್ಕೋ ಅಂದೆ. ಉತ್ತರ ಹೊಳೆಯದಿದ್ದಾಗ ಪಾಠ ಮಾಡುವವರಿಗೆ ಇರುವ ದಾರಿ ಅದೊಂದೇ.

ಅದೇ ಕಟ್ಟಿನಲ್ಲಿ ಇನ್ನೊಂದು ವಾಕ್ಯ ಇತ್ತು. "ಉದಾಸೀನ ಮಾಡುವುದು ಒಳ್ಳೆಯದಲ್ಲ." ಇದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೆ. ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಯಾಕೋ ಅದೇ ತಲೆಯಲ್ಲಿ ಕೊರೆಯಿತು. ಉದಾಸೀನ ತೆಗೆದು ಅಲ್ಲಿ ಕಳ್ಳತನ ಇಟ್ಟರೆ? ಕಳ್ಳತನ ಮಾಡುವುದು ಒಳ್ಳೆಯದಲ್ಲ. ಜಗಳ ಮಾಡುವುದು ಒಳ್ಳೆಯದಲ್ಲ. ಹಠ ಮಾಡುವುದು ಒಳ್ಳೆಯದಲ್ಲ. ವಾಕ್ಯಕ್ಕೆ ಏನೂ ಆಗುವುದಿಲ್ಲ. ಅಂದರೆ ಈ ಮಗುವಿಗೆ ಉದಾಸೀನ ಅನ್ನುವುದು ಏನೋ ಕೆಟ್ಟದ್ದು ಅಂತ ಮಾತ್ರ ಗೊತ್ತು. ಎಂಥ ಕೆಟ್ಟದ್ದು ಅಂತ ಗೊತ್ತಿಲ್ಲ. ಮೊದಲನೆಯವನು ಕಡೇ ಪಕ್ಷ ತನಗೆ ಗೊತ್ತಿಲ್ಲ ಅಂತ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದ. ಇವನು ಜಾಣ, ನನ್ನನ್ನೇ ಯಾಮಾರಿಸಿದ್ದ.

ಅವತ್ತಿನಿಂದ ನಾನು ಇಟ್ಟುಕೊಂಡ ಪರೀಕ್ಷೆ ಇದು. ಪದವನ್ನು ಎತ್ತಿ ಅದರ ಜಾಗದಲ್ಲಿ ಇನ್ನೊಂದನ್ನು ಇಡಿ. ವಾಕ್ಯಕ್ಕೆ ನೋವಾಗಬೇಕು. ನೋವಾಗದಿದ್ದರೆ ಪದ ಅಲ್ಲಿ ಸುಮ್ನೆ ಕೂತಿದೆ, ಕೆಲಸ ಮಾಡುತ್ತಿಲ್ಲ.

ಇವತ್ತು ಮಾತಿಗೆ ಉದಾಸೀನವನ್ನೇ ಆರಿಸಿಕೊಂಡಿದ್ದಕ್ಕೆ ಇನ್ನೂ ಒಂದು ಕಾರಣ ಇದೆ. ಈ ಪದ ನನಗೆ ಒಮ್ಮೆ ಅವಮಾನ ಮಾಡಿದೆ.

ನಾನು ಹುಟ್ಟಿ ಬೆಳೆದದ್ದು ಮಂಡ್ಯದ ಕಡೆ. ಮೊದಲ ಪೋಸ್ಟಿಂಗ್ ಸಿಕ್ಕಿದ್ದು ಘಟ್ಟದ ಕೆಳಗೆ, ಪುತ್ತೂರು ತಾಲ್ಲೂಕಿನ ಒಂದು ಹಳ್ಳಿಗೆ. ಮಾರ್ಚ್ ತಿಂಗಳು. ಮಧ್ಯಾಹ್ನ ಊಟ ಆದ ಮೇಲಿನ ಪೀರಿಯಡ್ಡು. ಹಂಚಿನ ಮಾಡು, ಒಳಗೆಲ್ಲ ಬೆವರು. ಏಳನೇ ಕ್ಲಾಸಿನ ಹುಡುಗನೊಬ್ಬ ಮನೆಪಾಠ ಬರೆದಿರಲಿಲ್ಲ. ಯಾಕೋ ಅಂತ ಕೇಳಿದೆ. ಎದ್ದು ನಿಂತು, ಮುಖ ನೋಡಿಕೊಂಡು, ಒಂಚೂರೂ ಅಳುಕಿಲ್ಲದೆ ಹೇಳಿದ. "ಉದಾಸೀನ ಆಯ್ತು ಟೀಚರ್."

ನನಗೆ ರೇಗಿಹೋಯಿತು. ನನ್ನ ಪಾಠ ಅಂದ್ರೆ ಉದಾಸೀನವಾ? ಅದನ್ನ ಎದುರಿಗೇ ಹೇಳ್ತೀಯಾ? ಅಂತ ಕೂಗಾಡಿದೆ. ಪೀರಿಯಡ್ಡು ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದೆ. ಮಕ್ಕಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟ ಹೆದರಿಕೆಯದ್ದಾಗಿರಲಿಲ್ಲ, ಏನಾಯಿತು ಇವರಿಗೆ ಅನ್ನುವಂತಿತ್ತು.

ಸ್ಟಾಫ್ ರೂಮಿಗೆ ಬಂದು ಹೇಳಿಕೊಂಡೆ. ಅಲ್ಲಿನ ಹಿರಿಯ ಟೀಚರ್ ಒಬ್ಬರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಅವ ಸತ್ಯ ಹೇಳಿದ್ದು ಮಾರಾಯ್ರೆ. ಉದಾಸೀನ ಅಂದ್ರೆ ಇಲ್ಲಿ ಸೋಮಾರಿತನ. ಅವನಿಗೆ ಸೋಮಾರಿತನ ಬಂತು, ಬರೀಲಿಲ್ಲ, ಅಷ್ಟೇ. ನಿಮ್ಮ ಮೇಲೆ ಎಂತದೂ ಇಲ್ಲ" ಅಂದರು. ಮಂಗಳೂರು, ಪುತ್ತೂರು, ಉಡುಪಿ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ಈಗ ನಗುತ್ತಿದ್ದೀರಿ. ನಿಮಗೆ ಬೆಳಿಗ್ಗೆ ಏಳುವುದಕ್ಕೆ ಉದಾಸೀನ. ಪಾತ್ರೆ ತೊಳೆಯುವುದಕ್ಕೆ ಉದಾಸೀನ. ತುಳುವಿನಲ್ಲೂ ಹಾಗೇ. ಘಟ್ಟದ ಮೇಲಿನವಳಾದ ನನಗೆ ಅದು ಗೊತ್ತಿರಲಿಲ್ಲ.

ಮರುದಿನ ಆ ಹುಡುಗನ ಹತ್ತಿರ ತಪ್ಪಾಯಿತು ಅಂದೆ. ಅವನಿಗೆ ಅದೂ ಅರ್ಥವಾದಂತೆ ಕಾಣಲಿಲ್ಲ.

ಆದರೆ ನನಗೆ ಒಂದು ವಿಷಯ ಸಿಕ್ಕಿತು. ಅವನ ವಾಕ್ಯವನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ಅರ್ಥ ಅದರಲ್ಲೇ ಇತ್ತು. ಅವನು "ಉದಾಸೀನ ಮಾಡಿದೆ" ಅನ್ನಲಿಲ್ಲ. "ಉದಾಸೀನ ಆಯ್ತು" ಅಂದ. ನನಗೆ ಹಸಿವಾಯಿತು. ನನಗೆ ನಿದ್ದೆ ಬಂತು. ನನಗೆ ಬೇಜಾರಾಯಿತು. ಕನ್ನಡದಲ್ಲಿ ನಾವು ಇಂಥವನ್ನೆಲ್ಲ ಮಾಡುವುದಿಲ್ಲ, ಅವು ನಮಗೆ ಆಗುತ್ತವೆ, ನಮಗೆ ಬರುತ್ತವೆ. ನಾವು ಸುಮ್ಮನೆ ಕೂತಿರುತ್ತೇವೆ, ಹಸಿವು ಹೊರಗಿನಿಂದ ನೆಂಟರ ಹಾಗೆ ಬರುತ್ತದೆ. ಹುಡುಗ ಬಾಯಿಬಿಟ್ಟು ಹೇಳದ "ನನಗೆ" ಸೇರಿಸಿಕೊಂಡರೆ, ಅವನ "ನನಗೆ ಉದಾಸೀನ ಆಯ್ತು" ಆ ಸಾಲಿಗೆ ಸೇರಿದ್ದು. ಮೈಗೆ ಬಂದದ್ದು. ಅದರಲ್ಲಿ ಇನ್ನೊಬ್ಬರ ಸುದ್ದಿಯೇ ಇಲ್ಲ.

ನಮ್ಮ ಮಂಡ್ಯ, ಮೈಸೂರು ಕಡೆಯ ಉದಾಸೀನಕ್ಕೆ ಇನ್ನೊಬ್ಬರು ಬೇಕೇ ಬೇಕು. "ಅಣ್ಣ ನನ್ನನ್ನು ಉದಾಸೀನ ಮಾಡಿದ." ಇಲ್ಲಿ "ಅನ್ನು" ಬಂತು ನೋಡಿ. ಒಬ್ಬರು ಮಾಡಿದರು, ಇನ್ನೊಬ್ಬರಿಗೆ ನೋವಾಯಿತು. ಮೈಗೆ ಬಂದದ್ದಲ್ಲ ಇದು, ಮೈಮೇಲೆ ಮಾಡಿದ್ದು. "ಓದಿನ ಬಗ್ಗೆ ಉದಾಸೀನ" ಅಂದರೆ ಮತ್ತೂ ಬೇರೆ. ಅದು ಒಂದು ದಿನದ್ದಲ್ಲ, ವರ್ಷವಿಡೀ ಇರುವ ಗುಣ. ಪದ ಒಂದೇ. ಪಕ್ಕದಲ್ಲಿ "ಗೆ" ಇದೆಯಾ, "ಅನ್ನು" ಇದೆಯಾ, "ಬಗ್ಗೆ" ಇದೆಯಾ ಅನ್ನುವುದರ ಮೇಲೆ ಅರ್ಥ ತಿರುಗುತ್ತದೆ. ಮಕ್ಕಳಿಗೆ ವಿಭಕ್ತಿ ಅಂದ ಕೂಡಲೇ ಆಕಳಿಕೆ ಬರುತ್ತದೆ, ಗೊತ್ತು. ಉ, ಅನ್ನು, ಇಂದ, ಗೆ ಅಂತ ಮಗ್ಗಿ ಹಾಗೆ ಹೇಳಿಸಿ ನಾವೇ ಅದನ್ನು ಕೊಂದಿದ್ದೇವೆ. ಆದರೆ ನಾನು ಒಂದು ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ಆ "ಗೆ" ಕೇಳಿಸಿಕೊಳ್ಳದೇ ಇದ್ದದ್ದಕ್ಕೆ.

ಈಗ ಪದದ ಹಳೆಯ ಮನೆಗೆ ಒಂದು ಸುತ್ತು ಹೋಗಿ ಬರೋಣ. ಸಂಸ್ಕೃತದಿಂದ ಬಂದ ಪದ ಇದು. ಆಸೀನ ಅಂದರೆ ಕೂತವನು. ಮುಂದೆ ಉತ್ ಸೇರಿ ಉದಾಸೀನ. ಎದ್ದು ಆಚೆ ಹೋಗಿ ಬೇರೆಯಾಗಿ ಕೂತವನು ಅಂತ ಇಟ್ಟುಕೊಳ್ಳಿ. ಇದರ ಜೊತೆಗೆ ಇನ್ನೆರಡು ಪದ ಇಡಿ. ತಟಸ್ಥ, ಅಂದರೆ ತಟದಲ್ಲಿ, ದಡದಲ್ಲಿ ನಿಂತವನು. ಮಧ್ಯಸ್ಥ, ಅಂದರೆ ನಡುವೆ ನಿಂತವನು. ಮೂರೂ ಪದಗಳು ಮನಸ್ಸಿನ ಬಗ್ಗೆ ಏನೂ ಹೇಳುವುದಿಲ್ಲ. ಎಲ್ಲಿ ನಿಂತಿದ್ದಾನೆ, ಎಲ್ಲಿ ಕೂತಿದ್ದಾನೆ ಅಂತಷ್ಟೇ ಹೇಳುತ್ತವೆ. ಹೊಳೆಯಲ್ಲಿ ಇಬ್ಬರು ಜಗಳವಾಡುತ್ತಿದ್ದಾರೆ ಅಂದುಕೊಳ್ಳಿ. ಮಧ್ಯಸ್ಥ ನೀರಿಗೆ ಇಳಿದಿದ್ದಾನೆ. ತಟಸ್ಥ ದಡದಲ್ಲಿ ನಿಂತು ನೋಡುತ್ತಿದ್ದಾನೆ. ಉದಾಸೀನ ದೂರದಲ್ಲಿ ಮರದ ಕೆಳಗೆ ಕೂತಿದ್ದಾನೆ, ಹೊಳೆ ಕಡೆಗೆ ಮುಖವನ್ನೂ ಮಾಡಿಲ್ಲ. ಇದು ನನ್ನ ಚಿತ್ರ, ಶಾಸ್ತ್ರದ್ದಲ್ಲ. ಆದರೆ ಮಕ್ಕಳು ಇದನ್ನು ಮರೆಯುವುದಿಲ್ಲ.

ಹಳೆಯ ಕಾಲದಲ್ಲಿ ಉದಾಸೀನ ಬೈಗುಳ ಆಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉದಾಸೀನ ಅಂತ ಒಬ್ಬ ರಾಜನೇ ಇದ್ದಾನೆ. ಗೆಲ್ಲಬೇಕು ಅಂತ ಹೊರಟ ರಾಜ ಒಬ್ಬ, ಅವನ ಶತ್ರು, ಅವನ ಮಿತ್ರ, ಶತ್ರುವಿನ ಮಿತ್ರ, ಹೀಗೆ ಹನ್ನೆರಡು ರಾಜರ ಮಂಡಲ. ಅದರಲ್ಲಿ ಮಧ್ಯಮ ಅಂತ ಒಬ್ಬ, ಉದಾಸೀನ ಅಂತ ಒಬ್ಬ. ಉದಾಸೀನ ಯಾರು? ಈ ಎಲ್ಲರಿಗಿಂತ ಹೊರಗಿರುವವನು, ಎಲ್ಲರಿಗಿಂತ ಬಲಶಾಲಿ. ಯಾರಿಗೆ ಬೇಕಾದರೂ ಸಹಾಯ ಮಾಡಬಲ್ಲ, ಯಾರನ್ನು ಬೇಕಾದರೂ ಬಗ್ಗಿಸಬಲ್ಲ. ಸದ್ಯಕ್ಕೆ ಯಾರ ಕಡೆಗೂ ಇಲ್ಲ. ಎಲ್ಲರ ಕಣ್ಣೂ ಅವನ ಮೇಲೆ. ನಮ್ಮ ಮನೆಗಳಲ್ಲೂ ಇಂಥವರು ಇರುತ್ತಾರೆ, ಆಸ್ತಿ ಭಾಗ ಮಾಡುವಾಗ ಬಾಯಿಬಿಡದೆ ಮೂಲೆಯಲ್ಲಿ ಕೂತ ದೊಡ್ಡಪ್ಪ. ಅವರು ಯಾವ ಕಡೆ ವಾಲುತ್ತಾರೋ ಆ ಕಡೆ ಮಾತು ಮುಗಿಯುತ್ತದೆ.

ಅರ್ಥಶಾಸ್ತ್ರ ಅಂದ ಮೇಲೆ ಮೈಸೂರಿನ ಹೆಸರು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನೂರಾರು ವರ್ಷ ಈ ಗ್ರಂಥದ ಹೆಸರು ಗೊತ್ತಿತ್ತು, ಪೂರ್ತಿ ಪಠ್ಯ ಕಣ್ಮರೆಯಾಗಿತ್ತು. ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಒಂದು ಓಲೆಗರಿ ಕಟ್ಟು, ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ "ಗ್ರಂಥ" ಅನ್ನುವ ಲಿಪಿಯದ್ದು, ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂತು. 1905ರಲ್ಲಿ ಅದು ಏನು ಅಂತ ಗುರುತಿಸಿದವರು ಅಲ್ಲಿನ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚು ಹಾಕಿಸಿದರು. ಅವರು ಆ ಕಟ್ಟನ್ನು ಉದಾಸೀನ ಮಾಡಿದ್ದರೆ ಏನಾಗುತ್ತಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ನೋಡಿ, ಈಗ ನಾನು ಮಂಡ್ಯದ ಅರ್ಥದಲ್ಲಿ ಬಳಸಿದೆ.

ಭಗವದ್ಗೀತೆಯಲ್ಲೂ ಇದು ಹೊಗಳಿಕೆ. 12ನೇ ಅಧ್ಯಾಯದಲ್ಲಿ ದೇವರಿಗೆ ಇಷ್ಟವಾದ ಭಕ್ತನ ಗುಣಗಳ ಸಾಲಿನಲ್ಲಿ ಉದಾಸೀನ ಬರುತ್ತದೆ. ಅದೇ ಸಾಲಿನಲ್ಲಿ ದಕ್ಷ ಅನ್ನುವ ಪದವೂ ಇದೆ. ಚುರುಕಾಗಿ ಕೆಲಸ ಮಾಡುವವನೂ ಅವನೇ, ಉದಾಸೀನನೂ ಅವನೇ. ಪುತ್ತೂರಿನ ಅರ್ಥ ಹಿಡಿದುಕೊಂಡು ಆ ಸಾಲು ಓದಿದರೆ ತಲೆ ಕೆಡುತ್ತದೆ.

ಹಾಗಾದರೆ ಇಷ್ಟು ಒಳ್ಳೆಯ ಪದ ನಮ್ಮ ಬಾಯಲ್ಲಿ ದೂರು ಹೇಗಾಯಿತು? ನನ್ನ ಊಹೆ ಹೇಳುತ್ತೇನೆ, ಒಪ್ಪದಿದ್ದರೆ ಜಗಳಕ್ಕೆ ಬನ್ನಿ. ಆಚೆ ಕೂತವನ ಕಡೆಯಿಂದ ನೋಡಿದರೆ ಅದು ಶಾಂತಿ. ಕೂತವನು ನಮ್ಮ ಕಡೆ ಮುಖ ಮಾಡಲಿ ಅಂತ ಕಾಯುತ್ತಿರುವವರ ಕಡೆಯಿಂದ ನೋಡಿದರೆ ಅದೇ ಸಂಕಟ. ಮಾತಾಡುವ ಕನ್ನಡದಲ್ಲಿ ಈ ಪದವನ್ನು ಜಾಸ್ತಿ ಬಳಸಿದವರು ಕಾಯುತ್ತಿದ್ದವರು. ಸೊಸೆ, ಎರಡನೇ ಮಗ, ಬಡ ನೆಂಟರು. ಹಾಗಾಗಿ ಪದ ಅವರ ಕಡೆಯದಾಯಿತು.

ವ್ಯಾಕರಣದವರು ಇಲ್ಲಿ ಒಂದು ತಕರಾರು ಎತ್ತುತ್ತಾರೆ. ಸಂಸ್ಕೃತದಲ್ಲಿ ಉದಾಸೀನ ಅಂದರೆ ವ್ಯಕ್ತಿ, ಗುಣಕ್ಕೆ ಔದಾಸೀನ್ಯ ಅನ್ನಬೇಕು ಅಂತ. ಸರಿ. ಆದರೆ "ನಿನ್ನ ಔದಾಸೀನ್ಯ ಜಾಸ್ತಿಯಾಯಿತು ಕಣೋ" ಅಂತ ಯಾವ ತಾಯಿಯೂ ಬೈದದ್ದನ್ನು ನಾನು ಕೇಳಿಲ್ಲ. ಕನ್ನಡದಲ್ಲಿ ಉದಾಸೀನ ಅನ್ನುವುದೇ ಗುಣದ ಹೆಸರಾಗಿ ಒಗ್ಗಿಹೋಗಿದೆ. ಅದಕ್ಕೆ ಇನ್ನೊಂದು "ತೆ" ಅಂಟಿಸಿ ಉದಾಸೀನತೆ ಮಾಡುವುದೂ ಬೇಡ. ನಿರ್ಲಕ್ಷ್ಯತನ ಅಂತ ಬರೆಯುವವರೂ ಇದ್ದಾರೆ. ನಿರ್ಲಕ್ಷ್ಯವೇ ಗುಣ, ಅದಕ್ಕೊಂದು "ತನ" ಯಾಕೆ? ಕೊಡೆಯ ಮೇಲೆ ಕೊಡೆ ಹಿಡಿದ ಹಾಗೆ.

ನಿರ್ಲಕ್ಷ್ಯದ ಮಾತು ಬಂದದ್ದರಿಂದ ಅಲ್ಲಿಗೆ ಹೋಗೋಣ. ನಿಘಂಟಿನಲ್ಲಿ ಉದಾಸೀನ ಹುಡುಕಿದರೆ ನಿರ್ಲಕ್ಷ್ಯ, ಉಪೇಕ್ಷೆ, ಅಸಡ್ಡೆ, ತಾತ್ಸಾರ ಅಂತ ಸಾಲಾಗಿ ಸಿಗುತ್ತವೆ. ನಿಘಂಟಿನ ತಪ್ಪಲ್ಲ ಅದು. ಅದು ಇವರೆಲ್ಲ ಒಂದೇ ಬೀದಿಯವರು ಅಂತ ಹೇಳುತ್ತದೆ, ಒಂದೇ ಮನೆಯವರು ಅನ್ನುವುದಿಲ್ಲ. ಮನೆ ನಂಬರ್ ಹುಡುಕುವುದು ನಮ್ಮ ಕೆಲಸ.

ನಮ್ಮ ಬೀದಿಯಲ್ಲಿ ಚರಂಡಿ ಕಟ್ಟಿಕೊಂಡು ತಿಂಗಳಾಗಿತ್ತು. ಕನ್ನಡ ಟೀಚರ್ ಅಲ್ವಾ, ಅರ್ಜಿ ನೀವೇ ಬರೆದುಕೊಡಿ ಅಂದರು ಅಕ್ಕಪಕ್ಕದವರು. ಸಿಟ್ಟಿನಲ್ಲಿ ಬರೆದೆ. "ತಮ್ಮ ಕಚೇರಿಯ ಉಡಾಫೆಯಿಂದಾಗಿ" ಅಂತ ಶುರು ಮಾಡಿದ್ದೆ. ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡ ಗುಮಾಸ್ತರು ಮೊದಲ ಸಾಲಿಗೇ ನಿಂತರು. "ಉಡಾಫೆ ಅಂತ ಬರ್ದಿದೀರಲ್ಲಮ್ಮ, ನಾವು ನಿಮ್ಮ ಹತ್ರ ಏನಾದ್ರೂ ಮಾತಾಡಿದ್ವಾ? ನೀವು ಇವತ್ತೇ ಬರ್ತಿರೋದು" ಅಂದರು. ಆಮೇಲೆ ಅವರೇ ಹೇಳಿಕೊಟ್ಟರು. "ನಿರ್ಲಕ್ಷ್ಯ ಅಂತ ಹಾಕಿ. ಸೀಲ್ ಒತ್ತಿ ತಗೋತೀನಿ."

ಆ ಮನುಷ್ಯ ಹೇಳಿದ್ದು ನೂರಕ್ಕೆ ನೂರು ಸರಿ. ಉಡಾಫೆಗೆ ಬಾಯಿ ಬೇಕು. ಕೇಳಿದ್ದಕ್ಕೆ ಹಗುರವಾಗಿ, ತಿರುಗಿಸಿ, ಹಲ್ಲು ಕಿಸಿದು ಉತ್ತರ ಕೊಟ್ಟರೆ ಅದು ಉಡಾಫೆ. ಎದುರಿಗೆ ಮನುಷ್ಯರಿರಬೇಕು. ಕಚೇರಿಗೆ, ಇಲಾಖೆಗೆ, ಸರ್ಕಾರಕ್ಕೆ ಬಾಯಿಯಿಲ್ಲ. ಅವು ನಿರ್ಲಕ್ಷ್ಯ ಮಾಡಬಲ್ಲವು. ಯಾಕೆಂದರೆ ನಿರ್ಲಕ್ಷ್ಯಕ್ಕೆ ಬೇಕಾಗಿರುವುದು ಮಾಡಬೇಕಾಗಿದ್ದ ಒಂದು ಕೆಲಸ, ಅಷ್ಟೇ. ಲಕ್ಷ್ಯ ಕೊಡಬೇಕಾಗಿತ್ತು, ಕೊಡಲಿಲ್ಲ. ಮನಸ್ಸಿನಲ್ಲಿ ಏನಿತ್ತು ಅಂತ ಈ ಪದ ಕೇಳುವುದೇ ಇಲ್ಲ.

ಕಾನೂನು ಇದನ್ನೇ ಹಿಡಿದುಕೊಂಡಿದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಹಿಂದೆ ದಂಡ ಸಂಹಿತೆಯ 304ಎ ಕಲಂ ಹಾಕುತ್ತಿದ್ದರು, ಗರಿಷ್ಠ 2 ವರ್ಷ ಶಿಕ್ಷೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬಂದಿದೆ, ಗರಿಷ್ಠ 5 ವರ್ಷ. ಚಿಕಿತ್ಸೆ ಕೊಡುವಾಗಿನ ವೈದ್ಯರಿಗೆ ಮಾತ್ರ 2 ವರ್ಷ. ಈಗ ಯೋಚಿಸಿ. ಒಬ್ಬ ಡಾಕ್ಟರಿಗೆ ರೋಗಿಯ ಮೇಲೆ ತುಂಬ ಪ್ರೀತಿ ಇತ್ತು, ರಾತ್ರಿಯೆಲ್ಲ ನಿದ್ದೆ ಮಾಡದೆ ಪಕ್ಕದಲ್ಲೇ ಕೂತಿದ್ದರು, ಆದರೆ ನೋಡಲೇಬೇಕಾಗಿದ್ದ ಒಂದು ರಿಪೋರ್ಟ್ ನೋಡಲಿಲ್ಲ. ಉದಾಸೀನ ಅನ್ನುವುದಕ್ಕೆ ಆಗುತ್ತದಾ? ಆಗುವುದಿಲ್ಲ. ನಿರ್ಲಕ್ಷ್ಯ ಅನ್ನಬಹುದು. ಹಾಗೇ ತಿರುಗಿಸಿ. ನರ್ಸ್ ಒಬ್ಬರು ಎಲ್ಲ ಇಂಜೆಕ್ಷನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟರು, ಒಂದು ದಿನವೂ ರೋಗಿಯ ಮುಖ ನೋಡಲಿಲ್ಲ. ನಿರ್ಲಕ್ಷ್ಯ ಇಲ್ಲವೇ ಇಲ್ಲ. ಉದಾಸೀನ ಇದೆ. ನಾನು ಮೇಲೆ ಹೇಳಿದ ಪರೀಕ್ಷೆ ನೆನಪಿದೆಯಲ್ಲ? ಈ ಎರಡು ವಾಕ್ಯಗಳಲ್ಲಿ ಪದ ಅದಲುಬದಲು ಮಾಡಿ ನೋಡಿ. ಅರ್ಥ ಹೇಗೆ ಕುಸಿದುಬೀಳುತ್ತದೆ!

ಕೆರೆಯನ್ನೂ ಇದೇ ತಕ್ಕಡಿಗೆ ಹಾಕಬಹುದು. "ನಿರ್ಲಕ್ಷ್ಯಕ್ಕೆ ಒಳಗಾದ ಕೆರೆ" ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ. "ಉಡಾಫೆಗೆ ಒಳಗಾದ ಕೆರೆ" ಅಂತ ಬರೆದರೆ ಉಪಸಂಪಾದಕರಿಗೆ ಜ್ವರ ಬರುತ್ತದೆ. ಇನ್ನು ಬೆಕ್ಕು. ನಮ್ಮನೆ ಬೆಕ್ಕು ನಾನು ಕರೆದರೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ, ಕಟ್ಟೆಯ ಮೇಲೆ ಉದಾಸೀನವಾಗಿ ಮಲಗಿರುತ್ತದೆ. ಅದು ನನ್ನನ್ನು ನಿರ್ಲಕ್ಷಿಸಿತು ಅಂತ ನಾನು ದೂರು ಕೊಡಲಾರೆ. ಬೆಕ್ಕಿಗೆ ನನ್ನ ವಿಷಯದಲ್ಲಿ ಯಾವ ಡ್ಯೂಟಿಯೂ ಇಲ್ಲ.

ಅಸಡ್ಡೆ ನನಗೆ ಇಷ್ಟದ ಪದ. ಅಶ್ರದ್ಧೆ ಅನ್ನುವುದು ನಮ್ಮ ಜನರ ನಾಲಿಗೆಯಲ್ಲಿ ಸವೆದು ಅಸಡ್ಡೆ ಆಯಿತು. ಶ್ರದ್ಧೆಯಿಲ್ಲದ ಕೈ. ಹಾಗಾಗಿ ಅದು ಕೆಲಸದಲ್ಲಿ ಕಾಣುತ್ತದೆ. ಅಸಡ್ಡೆಯಿಂದ ಮಡಿಸಿದ ಬಟ್ಟೆ, ಅಸಡ್ಡೆಯಿಂದ ಬರೆದ ಅಕ್ಷರ. ಬಟ್ಟೆಯನ್ನು ಉದಾಸೀನದಿಂದ ಮಡಿಸಿದ ಅಂದರೆ ಅಷ್ಟು ಕಣ್ಣಿಗೆ ಕಟ್ಟುವುದಿಲ್ಲ, ಅಲ್ವಾ? ತಾತ್ಸಾರ ಇನ್ನೂ ಆಳಕ್ಕೆ ಇಳಿಯುತ್ತದೆ. ಅದರಲ್ಲಿ ಬೆಲೆ ಕಟ್ಟುವ ಕಣ್ಣಿದೆ. ಇವನು ನಮಗಿಂತ ಕಮ್ಮಿ, ಇದು ಪುಕ್ಕಟೆ ಸಿಕ್ಕಿದ್ದು ಅನ್ನುವ ಲೆಕ್ಕ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯಲ್ಲಿ ಇರುವುದು ತಾತ್ಸಾರ. ಉದಾಸೀನ ಅಲ್ಲ. ಆ ಗಿಡವನ್ನು ನೋಡಿದ್ದಾರೆ, ಅಳೆದಿದ್ದಾರೆ, ಆಮೇಲೆ ಬೇಡ ಅಂದಿದ್ದಾರೆ.

ಉಪೇಕ್ಷೆಯದ್ದು ದೊಡ್ಡ ಕುಟುಂಬ. ಈಕ್ಷ ಅಂದರೆ ನೋಡು. ಅಪೇಕ್ಷೆ, ನಿರೀಕ್ಷೆ, ಪರೀಕ್ಷೆ, ಸಮೀಕ್ಷೆ, ಪ್ರತೀಕ್ಷೆ, ಎಲ್ಲ ಒಂದೇ ತಾಯಿಯ ಮಕ್ಕಳು. ಎಲ್ಲರದ್ದೂ ನೋಡುವ ಕೆಲಸವೇ. ಉಪೇಕ್ಷೆಯೂ ನೋಡುತ್ತದೆ. ನೋಡಿಯೂ ಬಿಟ್ಟುಬಿಡುತ್ತದೆ. ಬೌದ್ಧರಲ್ಲಿ ಮೈತ್ರಿ, ಕರುಣೆ, ಮುದಿತೆ (ಇನ್ನೊಬ್ಬರ ಸಂತೋಷಕ್ಕೆ ಸಂತೋಷಪಡುವುದು) ಆದ ಮೇಲೆ ನಾಲ್ಕನೆಯದಾಗಿ ಬರುವುದು ಉಪೇಕ್ಷೆ, ಪಾಲಿಯಲ್ಲಿ ಉಪೇಕ್ಖಾ. ಸಾಧನೆ ಮಾಡಿ ಗಳಿಸುವ ಸಮಚಿತ್ತ ಅದು. ಪತಂಜಲಿಯ ಯೋಗಸೂತ್ರದಲ್ಲೂ ಈ ನಾಲ್ಕು ಇದೇ ಕ್ರಮದಲ್ಲಿವೆ. ಬೌದ್ಧರ ಪಾಲಿ ಗ್ರಂಥಗಳಿಗೆ ವ್ಯಾಖ್ಯಾನ ಬರೆದ ಬುದ್ಧಘೋಷ ಒಂದು ಸೂಕ್ಷ್ಮ ಹೇಳುತ್ತಾನೆ. ಉಪೇಕ್ಷೆಗೆ ಇಬ್ಬರು ಶತ್ರುಗಳು. ರಾಗ ದ್ವೇಷಗಳು ದೂರದ ಶತ್ರು. ಅವನ್ನು ಗುರುತಿಸುವುದು ಸುಲಭ. ಹತ್ತಿರದ ಶತ್ರು ಅಂದರೆ ಅರಿವಿಲ್ಲದವನ ನಿರಾಸಕ್ತಿ. ನೋಡುವುದಕ್ಕೆ ಥೇಟ್ ಉಪೇಕ್ಷೆಯ ಹಾಗೇ ಇರುತ್ತದೆ, ಒಳಗೆ ಖಾಲಿ. ಪದಗಳ ವ್ಯತ್ಯಾಸವನ್ನು ಇಷ್ಟು ಚೆನ್ನಾಗಿ ಹೇಳಿದ ವ್ಯಾಕರಣದ ಪಾಠ ನಾನು ಓದಿಲ್ಲ.

ಇಷ್ಟೆಲ್ಲ ಸಂಸ್ಕೃತದ ನೆಂಟರ ಸುದ್ದಿ ಆಯಿತು. ಆದರೆ ಮಾತಾಡುವಾಗ ನಾವು ಇವನ್ನೆಲ್ಲ ಅಷ್ಟು ಬಳಸುವುದೇ ಇಲ್ಲ ಅನ್ನಿ. ಕ್ಯಾರೇ ಅನ್ನಲಿಲ್ಲ ಅನ್ನುತ್ತೇವೆ. ಇದು ಇಂಗ್ಲಿಷಿನ ಕೇರ್ ಅಂತ ಕೆಲವರು ಹೇಳುತ್ತಾರೆ. ನನಗೇನೋ "ಕ್ಯಾ ರೇ" ಅಂತಲೂ ಮಾತಾಡಿಸಲಿಲ್ಲ ಅನ್ನುವ ದಖನಿ ಉರ್ದುವಿನ ಮಾತು ಅದು ಅಂತಲೇ ಅನ್ನಿಸುತ್ತದೆ. ಧಾರವಾಡದ ಕಡೆಯವರು ನನ್ನ ಮಾತಿಗೆ ಕಿಮ್ಮತ್ತಿಲ್ಲ ಅನ್ನುತ್ತಾರೆ. ಬೆದರಿಕೆಗೆ ಸೊಪ್ಪು ಹಾಕುವುದಿಲ್ಲ ಅನ್ನುತ್ತೇವೆ. ಇದನ್ನು ಮಕ್ಕಳು ತಪ್ಪು ಕಡೆ ಇಡುತ್ತಾರೆ. "ಅಮ್ಮನ ಪ್ರೀತಿಗೆ ಸೊಪ್ಪು ಹಾಕಲಿಲ್ಲ" ಅಂತ ಬರೆಯುತ್ತಾರೆ. ಆಗುವುದಿಲ್ಲ. ಸೊಪ್ಪು ಹಾಕದೇ ಇರುವುದು ಬೆದರಿಕೆಗೆ, ಒತ್ತಡಕ್ಕೆ, ದಬಾವಣೆಗೆ. ಪ್ರೀತಿಗಲ್ಲ.

ನಮ್ಮ ಜನ ಕಟ್ಟಿದ ಮಾತುಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚು ಜಾಣ ಕುರುಡು. ಜಾಣ ಕಿವುಡು, ಜಾಣ ಮರೆವು ಕೂಡ ಇವೆ. ಕಾಣುತ್ತದೆ, ಆದರೆ ಕಾಣದವರ ಹಾಗೆ ಇರುವುದರಲ್ಲಿ ಲಾಭ ಇದೆ. ಉದಾಸೀನನಿಗೆ ಲಾಭ ನಷ್ಟದ ಚಿಂತೆಯಿಲ್ಲ. ಜಾಣ ಕುರುಡನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಅಕ್ರಮ ಕಟ್ಟಡ ಏಳುವಾಗ ಅಧಿಕಾರಿಗಳು ಉದಾಸೀನ ತೋರಿದರು ಅಂತ ಬರೆದರೆ ಅವರಿಗೆ ಪುಕ್ಕಟೆ ಮರ್ಯಾದೆ ಕೊಟ್ಟ ಹಾಗೆ.

ಪದ ತಪ್ಪಾಗಿ ಕೂತರೆ ತೀರ್ಪೇ ತಪ್ಪಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ ಮತದಾನ ಶೇ 55 ದಾಟಲಿಲ್ಲ. ನಮ್ಮ ಮಂಡ್ಯದಲ್ಲಿ ಶೇ 80 ದಾಟಿತು. ಬೆಂಗಳೂರಿಗರ ಬಗ್ಗೆ ಎಲ್ಲ ಕಡೆ ಒಂದೇ ಮಾತು, ಉದಾಸೀನ. ಸರಿ, ಕೆಲವರದ್ದು ಉದಾಸೀನವೇ ಇರಬಹುದು. ರಜೆ ಸಿಕ್ಕಿತು ಅಂತ ಟ್ರಿಪ್ ಹೋದವರದ್ದು ಅಸಡ್ಡೆ. ಬೂತಿಗೆ ಹೋಗುವುದಕ್ಕೆ ಬಿಸಿಲು ಅಂತ ಮನೆಯಲ್ಲೇ ಮಲಗಿದವರದ್ದು ಪುತ್ತೂರಿನ ಉದಾಸೀನ. ಪಟ್ಟಿಯಲ್ಲಿ ಹೆಸರೇ ಇಲ್ಲದೆ ವಾಪಸ್ ಬಂದವರಿಗೆ ಏನನ್ನುತ್ತೀರಿ? ಮನೆ ಬದಲಾಯಿಸಿ, ಹಳೇ ವಿಳಾಸದಲ್ಲಿ ಹೆಸರು ಉಳಿದವರಿಗೆ? ಅವರನ್ನು ಈ ಬೀದಿಗೇ ತರಬೇಡಿ. ಇನ್ನು ಸಾಲಿನಲ್ಲಿ ನಿಂತು ನೋಟಾ ಒತ್ತಿ ಬಂದವರು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದ ಗುಂಡಿ ಅದು. ಯಾರೂ ಬೇಡ ಅಂತ ಹೇಳುವುದಕ್ಕೆ ಬಿಸಿಲಿನಲ್ಲಿ ಒಂದು ಗಂಟೆ ನಿಂತವರು ಹೇಗೆ ಉದಾಸೀನರಾಗುತ್ತಾರೆ? ಅದು ತಿರಸ್ಕಾರ. ತಿರಸ್ಕಾರಕ್ಕೆ ಮೈಯಲ್ಲಿ ಬಿಸಿ ಬೇಕು. ಉದಾಸೀನ ತಣ್ಣಗಿರುತ್ತದೆ.

ಮಾತು ಮುಗಿಸಿದ ಮೇಲೆ ಒಂದಷ್ಟು ಪ್ರಶ್ನೆ ಬಂದವು. ಒಬ್ಬರು ನಿರ್ಲಕ್ಷ ಸರಿಯೋ ನಿರ್ಲಕ್ಷ್ಯ ಸರಿಯೋ ಅಂತ ಕೇಳಿದರು. ಕೆಳಗೆ ಯ ಒತ್ತು ಬೇಕು. ಒತ್ತು ಬಿಟ್ಟರೆ ಲಕ್ಷ ರೂಪಾಯಿ ಇಲ್ಲದವನು ಅನ್ನುವ ಹಾಗೆ ಕೇಳುತ್ತದೆ ಅಂದೆ. ಹಿಂದೆ ಕೂತ ಯಾರೋ "ಹಾಗಾದ್ರೆ ನಾವೆಲ್ಲ ನಿರ್ಲಕ್ಷರೇ" ಅಂದರು. ಹಿಂದಿಯ ಉದಾಸ್ ಇದೇನಾ ಅಂತ ಒಬ್ಬ ಹುಡುಗಿ ಕೇಳಿದಳು. ನೆಂಟರೇ, ಆದರೆ ಅಲ್ಲಿ ಅದು ದುಃಖವಾಗಿದೆ. ಹಾಗಾಗಿ ಹಿಂದಿ ಸೀರಿಯಲ್ ನೋಡಿಕೊಂಡು ಕನ್ನಡದಲ್ಲಿ "ಅವಳು ಉದಾಸೀನಳಾಗಿ ಅತ್ತಳು" ಅಂತ ಬರೆಯಬೇಡ ಅಂದೆ. ಉದಾಸೀನ ಇದ್ದವರು ಅಳುವುದಿಲ್ಲ.

ಬಂದ ಮಕ್ಕಳಿಗೆಲ್ಲ ಶುರುವಿನಲ್ಲೇ ಒಂದೊಂದು ಚೀಟಿ ಕೊಟ್ಟಿದ್ದೆ. ಮಾತು ಕೇಳುತ್ತಾ ಉದಾಸೀನ ಬಳಸಿ ಒಂದು ವಾಕ್ಯ ಬರೆಯಿರಿ ಅಂತ. ಕೊನೆಗೆ ಒಟ್ಟು ಮಾಡಿದೆ. "ಉದಾಸೀನ ಮಾಡುವುದು ಒಳ್ಳೆಯದಲ್ಲ" ಆರು ಚೀಟಿಯಲ್ಲಿ ಇತ್ತು. ಒಂದು ಗಂಟೆ ಮಾತಾಡಿದ್ದಕ್ಕೆ ಅದು ಸಿಕ್ಕ ಬಹುಮಾನ. "ಫ್ಯಾನಿನ ಕೆಳಗೆ ಕೂತು ಭಾಷಣ ಕೇಳಲು ನನಗೆ ಉದಾಸೀನವಾಯಿತು" ಅಂತ ಒಬ್ಬ ಬರೆದಿದ್ದ. ಪುತ್ತೂರಿನ ಪ್ರಯೋಗ, ವ್ಯಾಕರಣ ಸರಿ, ಅಂಕ ಕೊಟ್ಟೆ. "ಅಪ್ಪ ಬೈದರೆ ಪರವಾಗಿಲ್ಲ, ಉದಾಸೀನ ಮಾಡಿದರೆ ಊಟ ಸೇರುವುದಿಲ್ಲ" ಅಂತ ಇನ್ನೊಂದು. ಅದರಲ್ಲಿ ಉದಾಸೀನ ತೆಗೆದು ಬೇರೆ ಏನಾದರೂ ಇಟ್ಟು ನೋಡಿ.

ಎಲ್ಲಕ್ಕಿಂತ ಕೆಳಗಿದ್ದ ಚೀಟಿಯಲ್ಲಿ ಪೆನ್ಸಿಲ್ ಅಕ್ಷರ. "ಅಜ್ಜಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾಗುವವರೆಗೆ ಅವರು ನನ್ನನ್ನು ಉದಾಸಿನ ಮಾಡುತ್ತಾರೆ ಅಂದುಕೊಂಡಿದ್ದೆ."

ಯಾರು ಬರೆದಿದ್ದು ಅಂತ ಕೇಳಿದೆ. ಕಿಟಕಿ ಪಕ್ಕದ ಹುಡುಗಿ ಅರ್ಧ ಕೈ ಎತ್ತಿದಳು. ಸಿಗೆ ದೀರ್ಘ ಹಾಕಿ ಚೀಟಿ ವಾಪಸ್ ಕೊಟ್ಟೆ.